ಮೊದಲು ಓದಬೇಕೋ, ನೋಡಬೇಕೋ? ಸೂಪರ್‌ಹೀರೋ ಕಾಮಿಕ್ಸ್ ಮತ್ತು ಅವುಗಳ ಸಿನಿಮಾ

'ವಾಚ್‌ಮೆನ್' ಪುಸ್ತಕದ ಮೊದಲ ಪುಟದಲ್ಲಿ ಏಳು ಪ್ಯಾನೆಲ್‌ಗಳಿವೆ, ಅಂದರೆ ಏಳು ಚಿತ್ರಚೌಕಗಳು. ಮೊದಲನೆಯದರಲ್ಲಿ ರಸ್ತೆಯಂಚಿನ ರಕ್ತದಲ್ಲಿ ಬಿದ್ದಿರುವ ಹಳದಿ ನಗುಮೊಗದ ಬ್ಯಾಡ್ಜು ಕಾಣುತ್ತದೆ. ಅಲ್ಲಿಂದ ಒಂದೊಂದೇ ಪ್ಯಾನೆಲ್‌ಗೆ ನಮ್ಮ ಕಣ್ಣು ಮೇಲೇರುತ್ತ ಹೋಗುತ್ತದೆ. ಕೆಳಗೆ ಒಬ್ಬ ಪೈಪು ಹಿಡಿದು ಫುಟ್‌ಪಾತಿನ ರಕ್ತ ತೊಳೆಯುತ್ತಿದ್ದಾನೆ. ಫಲಕ ಹೊತ್ತ ಇನ್ನೊಬ್ಬ ಆ ರಕ್ತವನ್ನೇ ತುಳಿದುಕೊಂಡು ನಡೆದುಹೋಗುತ್ತಾನೆ. ಪುಟ ಮುಗಿಯುವ ಹೊತ್ತಿಗೆ ನಾವು ಎತ್ತರದ ಕಟ್ಟಡದ ಒಡೆದ ಕಿಟಕಿಯಲ್ಲಿ ನಿಂತು ಕೆಳಗೆ ಇಣುಕುತ್ತಿರುತ್ತೇವೆ. ಫಲಕ ಹೊತ್ತವನು ಯಾರೆಂದು ಗೊತ್ತಾಗುವುದು ಎಷ್ಟೋ ಪುಟಗಳಾದ ಮೇಲೆ. ಗೊತ್ತಾದ ಕೂಡಲೇ ಓದುಗ ಮಾಡುವ ಮೊದಲ ಕೆಲಸ ಹಿಂದಕ್ಕೆ ತಿರುವಿ ಈ ಪುಟಕ್ಕೆ ಮರಳುವುದು.

ಹೀಗೆ ಹಿಂದಕ್ಕೆ ತಿರುವುವ ಸುಖ ಸಿನಿಮಾಗೆ ಇಲ್ಲ. ಅದಕ್ಕೆ ಬದಲಾಗಿ ಸಂಗೀತ, ದನಿ, ನಟನ ಮುಖ, ಓಡುವ ಕಾಲ ಅದರ ಕೈಯಲ್ಲಿವೆ. ಹಾಗಾಗಿ "ಪುಸ್ತಕ ಚೆನ್ನಾಗಿದೆಯೋ, ಸಿನಿಮಾ ಚೆನ್ನಾಗಿದೆಯೋ" ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಈ ಕೃತಿಯ ಬಲ ಪುಟದಲ್ಲಿದೆಯೋ, ಘಟನೆಯಲ್ಲಿದೆಯೋ ಎಂದು ಕೇಳಿ. ಬಲ ಪುಟದ ಜೋಡಣೆಯಲ್ಲಿದ್ದರೆ ಮೊದಲು ಓದಿ. ಸಿನಿಮಾ ನೋಡಿ ಬಂದರೆ ಆ ಪುಟಗಳು ನಿಮಗೆ ಬರೀ ನೆನಪಿನ ಚಿತ್ರಗಳಾಗುತ್ತವೆ. ಬಲ ಘಟನೆಯಲ್ಲಿದ್ದರೆ ಸಿನಿಮಾ ಮೊದಲಾದರೂ ನಷ್ಟವಿಲ್ಲ. ಸಿನಿಮಾದವರು ಹೆಸರನ್ನಷ್ಟೇ ತೆಗೆದುಕೊಂಡಿದ್ದರೆ ಎರಡನ್ನೂ ಬೇರೆ ಬೇರೆ ಕೃತಿಗಳೆಂದು ಎಣಿಸಿ, ಯಾವ ಕ್ರಮದಲ್ಲಾದರೂ ನೋಡಿ.

ಯಾವುದು ಯಾವ ಬಗೆಯದೆಂದು ತಿಳಿಯಲು ಸುಲಭದ ದಾರಿಯಿದೆ. ಇ-ಪುಸ್ತಕ ಮಾರುವ ತಾಣಗಳಲ್ಲಿ ಮೊದಲ ಕೆಲವು ಪುಟಗಳನ್ನು ಸಾಮಾನ್ಯವಾಗಿ ಪುಕ್ಕಟೆ ತೋರಿಸುತ್ತಾರೆ. ಅವನ್ನು ಮಾತಿನ ಬಲೂನ್ ಓದದೆ, ಚಿತ್ರವನ್ನಷ್ಟೇ ನೋಡುತ್ತ ದಾಟಿ. ಪ್ಯಾನೆಲ್‌ಗಳು ಒಂದೇ ಅಳತೆಯಲ್ಲಿ ಸಾಲಾಗಿ ಕೂತು, ಒಂದರ ಆಕಾರ ಮತ್ತೊಂದರಲ್ಲಿ ಮರುಕಳಿಸುತ್ತಿದ್ದರೆ ಅದು ಪುಟಕ್ಕೆಂದೇ ಕಟ್ಟಿದ ಕೃತಿ. ಪುಟದ ಅಗಲಕ್ಕೂ ಚಾಚಿದ ಮೂರು ನಾಲ್ಕು ಪ್ಯಾನೆಲ್‌ಗಳು, ನಡುನಡುವೆ ಇಡೀ ಪುಟದ ಹೊಡೆದಾಟ ಇದ್ದರೆ ಬರೆದವರೇ ಸಿನಿಮಾ ಪರದೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದರ್ಥ.

ವಾಚ್‌ಮೆನ್: ಓದಿ, ಆಮೇಲೆ ನೋಡಿ

ಈ ಒಂದು ವಿಷಯದಲ್ಲಿ ರಾಜಿ ಬೇಡ. ಅಲನ್ ಮೂರ್ ಬರೆದು, ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿ, ಜಾನ್ ಹಿಗ್ಗಿನ್ಸ್ ಬಣ್ಣ ಹಾಕಿದ ಹನ್ನೆರಡು ಸಂಚಿಕೆಗಳು 1986–87ರಲ್ಲಿ ಬಂದವು. ಬಹುಪಾಲು ಪುಟಗಳು ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚೌಕಗಳ ಲೆಕ್ಕದಲ್ಲಿ ನಡೆಯುತ್ತವೆ. ಈ ತಾಳ ಕಣ್ಣಿಗೆ ಒಮ್ಮೆ ಕೂತುಬಿಟ್ಟರೆ, ಮುಂದೆ ಎರಡು ಚೌಕ ಕೂಡಿ ಒಂದಾದಾಗಲೂ ಎದೆ ಝಲ್ಲೆನ್ನುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ಡಾಕ್ಟರ್ ಮ್ಯಾನ್‌ಹಟನ್ ಮಂಗಳ ಗ್ರಹದ ಮೇಲೆ ಒಂದು ಫೋಟೋ ಹಿಡಿದು ನಿಂತಿದ್ದಾನೆ. ಅವನಿಗೆ ಹಿಂದಿನದು, ಈಗಿನದು, ಮುಂದಿನದು ಎಲ್ಲವೂ ಒಟ್ಟಿಗೆ ಕಾಣುತ್ತದೆ. ಕಾಮಿಕ್ಸ್ ಪುಟದ ಸ್ವಭಾವವೂ ಅದೇ: ಫೋಟೋ ಕೈಯಲ್ಲಿರುವುದು, ಜಾರಿ ಬಿದ್ದಿರುವುದು, ವರ್ಷಗಳ ಹಿಂದೆ ಅದನ್ನು ತೆಗೆಸಿಕೊಂಡಿದ್ದು ಅಕ್ಕಪಕ್ಕ ಕೂತಿರುತ್ತವೆ. ಒಂದು ನೋಟಕ್ಕೇ ಮೂರೂ ಕಾಲ ಸಿಗುತ್ತವೆ. ಪರದೆಯ ಮೇಲೆ ಅವನ್ನು ಒಂದಾದ ಮೇಲೆ ಒಂದರಂತೆ ತೋರಿಸದೆ ಗತ್ಯಂತರವಿಲ್ಲ. ಸಿನಿಮಾದಲ್ಲೂ ಆ ಭಾಗ ಚೆನ್ನಾಗಿಯೇ ಇದೆ, ಆದರೆ ಅಲ್ಲಿ ಅದೊಂದು ಫ್ಲ್ಯಾಶ್‌ಬ್ಯಾಕ್. ಐದನೆಯ ಅಧ್ಯಾಯವಂತೂ ಕನ್ನಡಿಯ ಹಾಗೆ ಕಟ್ಟಿದ್ದು. ಮೊದಲ ಪುಟದ ಜೋಡಣೆಗೆ ಕೊನೆಯ ಪುಟದ ಜೋಡಣೆ ಪ್ರತಿಬಿಂಬ. ಮೊದಲ ಓದಿನಲ್ಲಿ ಇದು ಗಮನಕ್ಕೆ ಬಾರದಿದ್ದರೆ ಚಿಂತೆಯಿಲ್ಲ.

ಓದುವಾಗ ಹೆಚ್ಚಿನವರು ಮಾಡುವ ತಪ್ಪೆಂದರೆ ಅಧ್ಯಾಯದ ಕೊನೆಯಲ್ಲಿ ಬರುವ ಗದ್ಯದ ಪುಟಗಳನ್ನು ಹಾರಿಸುವುದು. ಹಳೆಯ ತಲೆಮಾರಿನ ಮುಖವಾಡಧಾರಿಯ ಆತ್ಮಕಥೆ, ವೈದ್ಯರ ಟಿಪ್ಪಣಿ, ಪತ್ರಿಕೆಯ ತುಣುಕು ಎಲ್ಲವೂ ಅಲ್ಲಿವೆ. ಮುಂದಿನ ಅಧ್ಯಾಯದಲ್ಲಿ ಯಾರೋ ಅರ್ಧ ಮಾತಿನಲ್ಲಿ ನಿಲ್ಲಿಸಿದ್ದಕ್ಕೆ ಉತ್ತರ ಅಲ್ಲಿಯೇ ಇರುತ್ತದೆ. ನಡುವೆ ಬರುವ ಕಡಲ್ಗಳ್ಳರ ಕಥೆಯೂ ಅಷ್ಟೇ ಮುಖ್ಯ. ಇಂಗ್ಲಿಷ್ ಓದು ನಿಧಾನವೆನಿಸುವವರು ದಿನಕ್ಕೊಂದೇ ಅಧ್ಯಾಯ ಇಟ್ಟುಕೊಳ್ಳಿ. ಒಂದೇ ಭಾನುವಾರದಲ್ಲಿ ಮುಗಿಸಹೊರಟವರಿಗೆ ಏಳನೆಯ ಅಧ್ಯಾಯದ ಹೊತ್ತಿಗೆ ಹೆಸರುಗಳೆಲ್ಲ ಕಲಸಿಹೋಗುತ್ತವೆ.

ಝ್ಯಾಕ್ ಸ್ನೈಡರ್ ನಿರ್ದೇಶನದ ಸಿನಿಮಾ 2009ರದ್ದು. ಅದಕ್ಕೆ ಮೂರು ರೂಪಗಳಿವೆ: ಚಿತ್ರಮಂದಿರದಲ್ಲಿ ಬಂದದ್ದು 162 ನಿಮಿಷ, ನಿರ್ದೇಶಕರ ಆವೃತ್ತಿ 186 ನಿಮಿಷ, ಕಡಲ್ಗಳ್ಳರ ಕಥೆಯನ್ನು ಅನಿಮೇಷನ್ ಮಾಡಿ ಒಳಗೆ ಹೊಲಿದ ಅಲ್ಟಿಮೇಟ್ ಕಟ್ 215 ನಿಮಿಷ. ಮೊದಲ ಸಲಕ್ಕೆ 186 ನಿಮಿಷದ್ದನ್ನು ಆರಿಸಿ. ಚಿಕ್ಕದರಲ್ಲಿ, ಪುಸ್ತಕದಲ್ಲಿ ಆ ಆತ್ಮಕಥೆ ಬರೆದ ಹಾಲಿಸ್ ಮೇಸನ್‌ಗೆ ಸಂಬಂಧಿಸಿದ ಮುಖ್ಯ ದೃಶ್ಯವೇ ಇಲ್ಲ. 215 ನಿಮಿಷದ್ದು ಪುಸ್ತಕ ಬಲ್ಲವರಿಗೆ ಹಬ್ಬ, ಹೊಸಬರಿಗೆ ಮಾತ್ರ ಕಥೆಯ ಓಟ ಪದೇ ಪದೇ ಕಡಿದ ಹಾಗಾಗುತ್ತದೆ. ಓಟಿಟಿಯಲ್ಲಿ ಯಾವ ಆವೃತ್ತಿ ಇದೆಯೆಂದು ಹೆಸರಿನಿಂದ ತಿಳಿಯದಿದ್ದರೆ ಅವಧಿಯ ಅಂಕಿ ನೋಡಿ.

ಕೊನೆಯಲ್ಲಿ ಬರುವ ದೊಡ್ಡ ಅನಾಹುತದ ಸ್ವರೂಪವನ್ನು ಸಿನಿಮಾ ಬದಲಿಸಿದೆ. ಇದು ಅಭಿಮಾನಿಗಳ ಜಗಳಕ್ಕಷ್ಟೇ ಸೀಮಿತವಾದ ಸಂಗತಿಯಲ್ಲ. 2019ರ ಒಂಬತ್ತು ಕಂತುಗಳ ಟಿವಿ ಸರಣಿ ಪುಸ್ತಕದ ಅಂತ್ಯವನ್ನು ಹಿಡಿದು ಮುಂದುವರಿಯುತ್ತದೆ, ಸಿನಿಮಾದ ಅಂತ್ಯವನ್ನಲ್ಲ. ಸಿನಿಮಾ ಮಾತ್ರ ನೋಡಿ ಸರಣಿಗೆ ಹೋದವರಿಗೆ ಆಕಾಶದಿಂದ ಬೀಳುವುದೇನು, ಯಾಕೆ ಎಂಬುದೇ ಅರ್ಥವಾಗುವುದಿಲ್ಲ. ಪುಸ್ತಕಕ್ಕೆ ಹೆಚ್ಚು ನಿಷ್ಠವಾದ ಅನಿಮೇಷನ್ 2024ರಲ್ಲಿ ಎರಡು ಭಾಗವಾಗಿ ಬಂದಿದೆ. ಓದಲು ಆಗುವುದೇ ಇಲ್ಲ ಎನ್ನುವವರಿಗೆ ಅದು ಸರಿ. ಯಾವ ರೂಪದಲ್ಲೂ ಇದು ಮಕ್ಕಳ ಕಥೆಯಲ್ಲ.

ಬ್ಯಾಟ್‌ಮ್ಯಾನ್: ಪುಸ್ತಕಗಳು ಚಿಕ್ಕವು, ಸಿನಿಮಾಗಳು ದೊಡ್ಡವು

ಬ್ಯಾಟ್‌ಮ್ಯಾನ್‌ನಿಂದ ಕಾಮಿಕ್ಸ್ ಓದು ಆರಂಭಿಸುವವರಿಗೆ ನಮ್ಮ ಸಲಹೆ 'ಇಯರ್ ಒನ್'. ಫ್ರ್ಯಾಂಕ್ ಮಿಲ್ಲರ್ ಬರೆದು ಡೇವಿಡ್ ಮಜುಕೆಲ್ಲಿ ಚಿತ್ರಿಸಿದ ಈ ಕಥೆ 1987ರಲ್ಲಿ 'ಬ್ಯಾಟ್‌ಮ್ಯಾನ್' ಮಾಸಿಕದ 404ರಿಂದ 407ರವರೆಗಿನ ನಾಲ್ಕು ಸಂಚಿಕೆಗಳಲ್ಲಿ ಬಂತು. ಸುಮಾರು ನೂರು ಪುಟ, ಎರಡು ಸಂಜೆಯ ಓದು. ಹೆಸರು ಬ್ಯಾಟ್‌ಮ್ಯಾನ್‌ನದಾದರೂ ಹೃದಯ ಗಾರ್ಡನ್ ಎಂಬ ಪೊಲೀಸ್ ಅಧಿಕಾರಿಯದು. ಭ್ರಷ್ಟ ಇಲಾಖೆಗೆ ವರ್ಗವಾಗಿ ಬಂದವನ ಒಂದು ವರ್ಷ, ತಾರೀಖುಗಳ ಸಮೇತ. 2005ರ 'ಬ್ಯಾಟ್‌ಮ್ಯಾನ್ ಬಿಗಿನ್ಸ್' ಇದರಿಂದ ಗಾರ್ಡನ್‌ನನ್ನೂ ಕೊಳೆತ ಪೊಲೀಸ್ ಇಲಾಖೆಯನ್ನೂ ಪೊಲೀಸರ ಮೇಲೆ ಬಾವಲಿಗಳ ಹಿಂಡು ಮುಗಿಬೀಳುವ ದೃಶ್ಯವನ್ನೂ ತೆಗೆದುಕೊಂಡಿತು. ಉಳಿದದ್ದು ಬೇರೆ ಕಡೆಯದು. ಹಾಗಾಗಿ ಇಲ್ಲಿ ಕ್ರಮದ ಹಂಗಿಲ್ಲ. 2011ರ ಅನಿಮೇಷನ್ ಚಿತ್ರ 64 ನಿಮಿಷದ್ದು, ಪುಸ್ತಕವನ್ನು ಹೆಚ್ಚುಕಡಿಮೆ ಮಾತಿಗೆ ಮಾತು ಅನುಸರಿಸುತ್ತದೆ. ಅಷ್ಟು ನಿಷ್ಠೆಯಿದ್ದೂ ಅದು ಸ್ವಲ್ಪ ಚಪ್ಪೆ. ಪುಟದಲ್ಲಿ ಬ್ಯಾಟ್‌ಮ್ಯಾನ್, ಗಾರ್ಡನ್ ಇಬ್ಬರ ಮನಸ್ಸಿನ ಮಾತೂ ಬೇರೆ ಬೇರೆ ಕೈಬರಹದಂಥ ಅಕ್ಷರದಲ್ಲಿದೆ, ನಾವು ಅವರ ದಿನಚರಿಯನ್ನೇ ಕದ್ದು ಓದಿದಂತಿರುತ್ತದೆ. ದನಿಯಲ್ಲಿ ಅದು ಬರೀ ಹಿನ್ನೆಲೆ ನಿರೂಪಣೆ. ಆ ಕೈಬರಹದಿಂದಾಗಿಯೇ ಇದನ್ನು ಮೊಬೈಲಿನಲ್ಲಿ ಓದಬೇಡಿ, ಕಣ್ಣು ಸೋಲುತ್ತದೆ.

ಕೊಳ್ಳುವಾಗ ಇನ್ನೊಂದು ಎಚ್ಚರ. 'ಇಯರ್ ಒನ್'ನ ಚೆಲುವಿನಲ್ಲಿ ಅರ್ಧ ಪಾಲು ರಿಚ್‌ಮಂಡ್ ಲೂಯಿಸ್ ಹಾಕಿದ ಮಬ್ಬು ಬಣ್ಣಗಳದು. 2012ರ ದುಬಾರಿ ಗಟ್ಟಿರಟ್ಟಿನ ಆವೃತ್ತಿಯ ಬಣ್ಣದ ಬಗ್ಗೆ ಮಜುಕೆಲ್ಲಿಯೇ ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದ್ದರು. ದುಡ್ಡು ಹೆಚ್ಚು ಕೊಟ್ಟರೆ ಒಳ್ಳೆಯ ಪ್ರತಿ ಸಿಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಸಾಧಾರಣ ಪೇಪರ್‌ಬ್ಯಾಕ್ ಸಾಕು.

'ದಿ ಡಾರ್ಕ್ ನೈಟ್ ರಿಟರ್ನ್ಸ್' ಎರಡನೆಯ ಪುಸ್ತಕವಾಗಲಿ, ಮೊದಲನೆಯದು ಬೇಡ. ಮುಪ್ಪಾದ ಬ್ಯಾಟ್‌ಮ್ಯಾನ್‌ನ ಈ ಕಥೆಯ (ಮಿಲ್ಲರ್, 1986, ನಾಲ್ಕು ಭಾಗ) ಪುಟವನ್ನು ಹದಿನಾರು ಸಣ್ಣ ಚೌಕಗಳ ಲೆಕ್ಕದಲ್ಲಿ ಕತ್ತರಿಸಲಾಗಿದೆ. ಟಿವಿ ಪರದೆಯಾಕಾರದ ಚೌಕಗಳಲ್ಲಿ ವಾರ್ತೆಯವರು ಮಾತಾಡುತ್ತಲೇ ಇರುತ್ತಾರೆ. ಮೊದಮೊದಲು ಇದು ಗದ್ದಲ ಅನಿಸುತ್ತದೆ. ಆ ಗದ್ದಲವೇ ಊರಿನ ಸ್ಥಿತಿ ಎಂದು ಹೊಳೆಯಲು ಮೂವತ್ತು ಪುಟವಾದರೂ ಬೇಕು. ಬ್ಯಾಟ್‌ಮ್ಯಾನ್‌ನ ಬಾಲ್ಯದಲ್ಲಿ ತಂದೆತಾಯಿಯ ಕೊಲೆಯಾದಾಗ ತಾಯಿಯ ಕೊರಳ ಮುತ್ತಿನ ಸರ ಹರಿಯುವುದನ್ನು ಆ ಸಣ್ಣ ಚೌಕಗಳಲ್ಲಿ ಎಳೆ ಎಳೆಯಾಗಿ ನಿಧಾನಿಸಿ ತೋರಿಸಿದ್ದಾರೆ. 2016ರ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್' ಅದೇ ದೃಶ್ಯವನ್ನು ಸ್ಲೋ ಮೋಷನ್‌ನಲ್ಲಿ ತಂದಿತು: ಪಿಸ್ತೂಲಿಗೆ ಸಿಕ್ಕಿಕೊಂಡ ಸರ, ಚೆಲ್ಲುವ ಮುತ್ತು. ಚಿತ್ರ ಚೆಲುವಾಗಿದೆ, ಆದರೆ ಅಲ್ಲಿ ನಿಧಾನದ ವೇಗವನ್ನು ನಿರ್ಧರಿಸಿದವರು ಸಿನಿಮಾದವರು. ಪುಟದ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ನಮ್ಮ ಕೈಯಲ್ಲಿದೆ, ಅದಕ್ಕೇ ಅದು ಹೆಚ್ಚು ನೋಯಿಸುತ್ತದೆ.

ಆ ಸಿನಿಮಾ ನೋಡುವುದಾದರೆ 182 ನಿಮಿಷದ ಅಲ್ಟಿಮೇಟ್ ಆವೃತ್ತಿಯನ್ನೇ ನೋಡಿ. 151 ನಿಮಿಷದ್ದರಲ್ಲಿ ಸೂಪರ್‌ಮ್ಯಾನ್ ಮೇಲೆ ಅಪವಾದ ಹೊರಿಸುವ ಸಂಚಿನ ಕೊಂಡಿಗಳೇ ಕತ್ತರಿಸಿಹೋಗಿವೆ, ಕಥೆ ಕುಂಟುವುದು ಆ ಕಾರಣಕ್ಕೆ. ಪುಸ್ತಕದ ನಿಜವಾದ ರೂಪಾಂತರ ಬೇಕಿದ್ದರೆ 2012 ಮತ್ತು 2013ರಲ್ಲಿ ಬಂದ ಎರಡು ಭಾಗಗಳ ಅನಿಮೇಷನ್ ಇದೆ. ಎರಡೂ ಸೇರಿ ಸುಮಾರು ಎರಡೂವರೆ ಗಂಟೆ. ಅದು ಬ್ಯಾಟ್‌ಮ್ಯಾನ್‌ನ ಒಳಮಾತನ್ನು ಪೂರ್ತಿ ಕೈಬಿಟ್ಟಿದೆ, ಹಾಗಾಗಿ ಮುದುಕನೊಬ್ಬ ತನ್ನೊಳಗಿನ ಪ್ರಾಣಿಯೊಡನೆ ನಡೆಸುವ ಗುದ್ದಾಟ ನಮಗೆ ಹೊರಗಿನಿಂದಷ್ಟೇ ಕಾಣುತ್ತದೆ.

'ದಿ ಲಾಂಗ್ ಹ್ಯಾಲೋವೀನ್' ಹದಿಮೂರು ಸಂಚಿಕೆಯ ಪತ್ತೇದಾರಿ ಕಥೆ (ಜೆಫ್ ಲೋಬ್, ಟಿಮ್ ಸೇಲ್, 1996–97). ಹಬ್ಬಕ್ಕೊಂದು ಕೊಲೆ. ಕೊಲೆಗಾರ ಯಾರೆಂಬ ಪ್ರಶ್ನೆಯೇ ಓದಿಸಿಕೊಂಡು ಹೋಗುವುದರಿಂದ 2021ರ ಎರಡು ಭಾಗಗಳ ಅನಿಮೇಷನ್ ನೋಡುವ ಮುನ್ನ ಓದಿ ಮುಗಿಸಿ. ಪುಸ್ತಕ ಕೊನೆಗೆ ಉಳಿಸುವ ಅನುಮಾನವನ್ನು ಅನಿಮೇಷನ್ ಹೆಚ್ಚು ಬಿಚ್ಚಿ ಹೇಳಿಬಿಡುತ್ತದೆ. 2008ರ 'ದಿ ಡಾರ್ಕ್ ನೈಟ್' ಮತ್ತು 2022ರ 'ದಿ ಬ್ಯಾಟ್‌ಮ್ಯಾನ್' ಇದರ ಗಾಳಿ ಕುಡಿದ ಸಿನಿಮಾಗಳು, ರೂಪಾಂತರಗಳಲ್ಲ. ಬ್ಯಾಟ್‌ಮ್ಯಾನ್, ಗಾರ್ಡನ್, ಸರ್ಕಾರಿ ವಕೀಲ ಡೆಂಟ್ ಮೂವರ ಒಪ್ಪಂದ, ಅದು ಮುರಿದುಬೀಳುವ ಬಗೆ, ಇಷ್ಟನ್ನು 'ಡಾರ್ಕ್ ನೈಟ್' ಇಲ್ಲಿಂದ ಪಡೆದಿದೆ.

ಈಗ ಎರಡು ತದ್ವಿರುದ್ಧ ಉದಾಹರಣೆ. 1988ರ 'ದಿ ಕಿಲ್ಲಿಂಗ್ ಜೋಕ್' ಐವತ್ತು ಪುಟ ಮುಟ್ಟದ ಪುಸ್ತಕ. ಅದನ್ನು 2016ರಲ್ಲಿ 76 ನಿಮಿಷದ ಅನಿಮೇಷನ್ ಮಾಡಹೊರಟವರಿಗೆ ಸಾಮಗ್ರಿ ಸಾಲದೆ, ಮೊದಲ ಅರ್ಧ ಗಂಟೆಯ ತನಕ ಬ್ಯಾಟ್‌ಗರ್ಲ್‌ನ ಹೊಸ ಕಥೆಯೊಂದನ್ನು ಸೇರಿಸಿದರು. ಆ ಭಾಗ ಮೂಲದ ಬಿಗಿಯನ್ನು ಹಾಳುಮಾಡಿತು, ಆ ಹೆಣ್ಣಿಗೂ ನ್ಯಾಯ ಮಾಡಲಿಲ್ಲ. ಇದನ್ನು ಓದಿದರೆ ಸಾಕು, ನೋಡುವ ಅಗತ್ಯವಿಲ್ಲ. ಬಣ್ಣದ ವಿಷಯದಲ್ಲಿ ಇಲ್ಲೂ ಆಯ್ಕೆಯಿದೆ: ಹಿಗ್ಗಿನ್ಸ್ ಹಾಕಿದ ಮೂಲ ಬಣ್ಣ ಕಣ್ಣಿಗೆ ಹೊಡೆಯುವ ಕಿತ್ತಳೆ, ನೇರಳೆ, ಚಿತ್ರಕಾರ ಬ್ರಯನ್ ಬೋಲಂಡ್ ತಾವೇ ಮತ್ತೆ ಬಣ್ಣ ಹಾಕಿದ 2008ರ ಆವೃತ್ತಿ ತಣ್ಣಗೆ, ಹಿಂದಿನ ಕಥೆಯ ಭಾಗ ಹೆಚ್ಚುಕಡಿಮೆ ಕಪ್ಪು ಬಿಳುಪು. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎರಡನೆಯದೇ.

ಇದಕ್ಕೆ ಎದುರಾಗಿ 'ಅಂಡರ್ ದಿ ರೆಡ್ ಹುಡ್'. ಬ್ಯಾಟ್‌ಮ್ಯಾನ್‌ನ ಸಹಾಯಕ ಹುಡುಗನಿಗೆ ರಾಬಿನ್ ಎಂದು ಹೆಸರು. ಎರಡನೆಯ ರಾಬಿನ್ ಆದ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು 1988ರಲ್ಲಿ ಪ್ರಕಾಶಕರು ಓದುಗರಿಂದ ಫೋನ್ ಮತ ಕೇಳಿದರು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ಹುಡುಗ ಸತ್ತ. ಅವನು ಮರಳಿ ಬರುವ ಕಥೆಯನ್ನು 2005ರ ಸುಮಾರಿಗೆ ಜಡ್ ವಿನಿಕ್ ಬರೆದರು. ಕಾಮಿಕ್ಸ್‌ನಲ್ಲಿ ಅವನು ಎದ್ದು ಬಂದದ್ದಕ್ಕೆ ಕೊಟ್ಟ ಕಾರಣ ವಿಚಿತ್ರದ್ದು: ಬೇರೆ ಲೋಕದ ಸೂಪರ್‌ಬಾಯ್ ಒಬ್ಬ ವಾಸ್ತವದ ಗೋಡೆಗೆ ಗುದ್ದಿದ ಕಂಪನದಿಂದ ಹೀಗಾಯಿತು ಎಂದು. ಆ ಹೊತ್ತಿಗೆ ನಡೆಯುತ್ತಿದ್ದ ಇನ್ನೊಂದು ದೊಡ್ಡ ಸರಣಿಗೆ ಗಂಟು ಹಾಕಬೇಕಾಗಿ ಬಂದದ್ದರ ಫಲ ಅದು. 2010ರ ಅನಿಮೇಷನ್‌ಗೆ ಚಿತ್ರಕಥೆ ಬರೆದವರೂ ವಿನಿಕ್ ಅವರೇ. ಅಲ್ಲಿ ಅವರು ಅದನ್ನು ಕಿತ್ತುಹಾಕಿ, ಖಳ ರಾಸ್ ಅಲ್ ಘುಲ್‌ನ ಲಾಜರಸ್ ಹೊಂಡವನ್ನು, ಅಂದರೆ ಸತ್ತವರನ್ನು ಎಬ್ಬಿಸುವ ಹೊಂಡವನ್ನು, ತಂದರು. ಬ್ಯಾಟ್‌ಮ್ಯಾನ್ ಕಥಾಲೋಕದೊಳಗಿನ ವಸ್ತುವಾದ್ದರಿಂದ ಅದು ಒಪ್ಪುತ್ತದೆ. ಸುಮಾರು ಒಂದೂಕಾಲು ಗಂಟೆಯಲ್ಲಿ ಕಥೆ ಹೆಚ್ಚು ನೇರ, ಕೊನೆಯ ಮಾತುಕತೆ ಹೆಚ್ಚು ಹರಿತ. ಇಲ್ಲಿ ಸಿನಿಮಾವೇ ಮೊದಲು. ಪುಸ್ತಕ ಇಷ್ಟವಿದ್ದರೆ ಆಮೇಲೆ.

ಎಕ್ಸ್-ಮೆನ್: ಎರಡು ಸಂಚಿಕೆಯಿಂದ ಎರಡು ಗಂಟೆ

'ಡೇಸ್ ಆಫ್ ಫ್ಯೂಚರ್ ಪಾಸ್ಟ್' ಎಂಬ ಇಷ್ಟು ಪ್ರಸಿದ್ಧ ಕಥೆ ಮೂಲದಲ್ಲಿ ಬರೀ ಎರಡು ಸಂಚಿಕೆಯದು ಎಂದರೆ ಅನೇಕರು ನಂಬುವುದಿಲ್ಲ. ಎಕ್ಸ್-ಮೆನ್ 141 ಮತ್ತು 142, 1981ರ ಆರಂಭದಲ್ಲಿ ಬಂದವು. ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ ಜೋಡಿಯದು. ಒಂದು ಗಂಟೆಯೊಳಗೆ ಓದಿ ಮುಗಿಯುತ್ತದೆ. ಈ ಹೆಸರಿನ ಪುಸ್ತಕ ಕೊಂಡಾಗ ದಪ್ಪವಾಗಿ ಕಂಡರೆ, ಹಿಂದುಮುಂದಿನ ಬೇರೆ ಸಂಚಿಕೆಗಳನ್ನೂ ಸೇರಿಸಿದ್ದಾರೆಂದು ತಿಳಿದು 141ಕ್ಕೆ ನೇರ ಹೋಗಬಹುದು.

ಪುಸ್ತಕದಲ್ಲಿ ಭವಿಷ್ಯದಿಂದ ಹಿಂದಕ್ಕೆ ಬರುವುದು ಎಕ್ಸ್-ಮೆನ್ ತಂಡದ ಕಿಟ್ಟಿ ಪ್ರೈಡ್‌ಳ ಮನಸ್ಸು. 2013ರಿಂದ 1980ಕ್ಕೆ, ಹದಿಹರೆಯದ ತನ್ನದೇ ಮೈಯೊಳಕ್ಕೆ. 2014ರ ಸಿನಿಮಾ 1973ಕ್ಕೆ ಹೋಗುತ್ತದೆ. ಆಗ ಕಿಟ್ಟಿ ಹುಟ್ಟಿಯೇ ಇರುವುದಿಲ್ಲ. ಹಾಗಾಗಿ ಮುಪ್ಪು ಕಾಣದ ವುಲ್ವರೀನ್‌ನನ್ನು ಕಳಿಸಿ, ಇಷ್ಟು ದೂರದ ಪಯಣ ತಡೆಯಲು ಗಾಯ ಮಾಯುವ ಮನಸ್ಸೇ ಬೇಕು ಎಂಬ ಕಾರಣ ಕೊಟ್ಟರು. ಕಳಿಸುವವಳು ಕಿಟ್ಟಿ. ಸಿನಿಮಾಗೆ ಇದು ಚೆನ್ನಾಗಿ ಹೊಂದಿದೆ. ಆದರೆ ಪುಸ್ತಕದಲ್ಲಿ ಹದಿಮೂರರ ಹುಡುಗಿಯ ಬಾಯಲ್ಲಿ ನಡುವಯಸ್ಸಿನ ಹೆಂಗಸು ಮಾತಾಡುವಾಗ ಆಗುವ ಮೈನವಿರು ಇಲ್ಲಿಲ್ಲ. ಕ್ರಮ ಹೇಗಿದ್ದರೂ ನಡೆದೀತು. ಸಿನಿಮಾಕ್ಕೆ ಮುನ್ನ 2011ರ 'ಫಸ್ಟ್ ಕ್ಲಾಸ್' ಮಾತ್ರ ನೋಡಿರಿ. 132 ನಿಮಿಷದ ಮೂಲವನ್ನು ಮೊದಲು, 149 ನಿಮಿಷದ ರೋಗ್ ಕಟ್ ಎರಡನೆಯ ಸಲಕ್ಕೆ.

'ಲೋಗನ್' ಸಿನಿಮಾ ಮತ್ತು 'ಓಲ್ಡ್ ಮ್ಯಾನ್ ಲೋಗನ್' ಕಾಮಿಕ್ಸ್ ನಡುವೆ ಸಾಮ್ಯವಿರುವುದು ಮುದುಕ ವುಲ್ವರೀನ್, ಒಂದು ದೀರ್ಘ ಪ್ರಯಾಣ, ಮನಸ್ಸಿನ ಮೇಲಿನ ಹಳೆಯ ಗಾಯ ಇಷ್ಟರಲ್ಲಿ. ಮಾರ್ಕ್ ಮಿಲ್ಲಾರ್, ಸ್ಟೀವ್ ಮೆಕ್‌ನಿವೆನ್ ಅವರ 2008–09ರ ಕಾಮಿಕ್ಸ್‌ನಲ್ಲಿ ಹಲ್ಕ್‌ನ ಮಕ್ಕಳು ಮೊಮ್ಮಕ್ಕಳ ಗ್ಯಾಂಗು, ಕುರುಡ ಹಾಕ್‌ಐ ಇದ್ದಾರೆ. ಆ ಪಾತ್ರಗಳು ಎಕ್ಸ್-ಮೆನ್ ಸಿನಿಮಾ ಮಾಡುತ್ತಿದ್ದ ಫಾಕ್ಸ್ ಸಂಸ್ಥೆಯ ಕೈಯಲ್ಲಿರಲಿಲ್ಲ. ಹಾಗಾಗಿ 2017ರ ಸಿನಿಮಾ ತನ್ನದೇ ದಾರಿ ಹಿಡಿಯಿತು, ಒಳ್ಳೆಯದೇ ಆಯಿತು: ಮರೆವಿಗೆ ಜಾರುತ್ತಿರುವ ವೃದ್ಧ ಗುರು, ದಣಿದ ಶಿಷ್ಯ, ಹಠಮಾರಿ ಹುಡುಗಿ, ಒಂದು ಕಾರು. ಸಿನಿಮಾ ನೋಡಿ ಅತ್ತವರು ಅದೇ ಭಾವ ಹುಡುಕುತ್ತ ಪುಸ್ತಕಕ್ಕೆ ಹೋದರೆ ನಿರಾಸೆ. ಪುಸ್ತಕ ರಕ್ತಪಾತದ, ಅತಿರೇಕದ ಸಾಹಸ. ಅದನ್ನು ಅದರ ಲೆಕ್ಕದಲ್ಲೇ ಓದಬೇಕು.

ಮಾರ್ವೆಲ್‌ನ ದೊಡ್ಡ ಹೆಸರುಗಳು

ದುಡ್ಡು ಹೆಚ್ಚು ಪೋಲಾಗುವುದು ಇಲ್ಲಿಯೇ. 'ಏಜ್ ಆಫ್ ಅಲ್ಟ್ರಾನ್' ಎಂಬ 2013ರ ಹತ್ತು ಸಂಚಿಕೆಗೂ 2015ರ ಸಿನಿಮಾಕ್ಕೂ ಹೆಸರು, ಖಳನ ಹೊರತು ಏನೂ ಸಂಬಂಧವಿಲ್ಲ. ಸಿನಿಮಾ ಇಷ್ಟವಾಯಿತೆಂದು ಪುಸ್ತಕ ಕೊಳ್ಳಬೇಡಿ.

'ಸಿವಿಲ್ ವಾರ್' ಅರ್ಧ ದಾರಿಯದು. 2006–07ರ ಏಳು ಸಂಚಿಕೆಗಳಲ್ಲಿ ಸ್ಟ್ಯಾಮ್‌ಫರ್ಡ್ ಊರಿನ ಸ್ಫೋಟದ ನಂತರ ಸರ್ಕಾರ ಕಾನೂನು ತರುತ್ತದೆ: ಶಕ್ತಿ ಇರುವವರೆಲ್ಲ ತಮ್ಮ ನಿಜವಾದ ಹೆಸರನ್ನು ನೋಂದಾಯಿಸಬೇಕು. ಗುಟ್ಟು ಬಿಟ್ಟುಕೊಡಬೇಕೋ ಬೇಡವೋ ಎಂಬುದೇ ಅಲ್ಲಿನ ಜಗಳ, ಎರಡನೆಯ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಪತ್ರಕರ್ತರೆದುರು ಮುಖವಾಡ ಕಳಚುವುದು ಅದರ ಶಿಖರ. ಸಿನಿಮಾ ಲೋಕದಲ್ಲಿ ಆ ಗುಟ್ಟೇ ಇರಲಿಲ್ಲ. ಟೋನಿ ಸ್ಟಾರ್ಕ್ 2008ರಲ್ಲೇ ತಾನು ಐರನ್ ಮ್ಯಾನ್ ಎಂದು ಸಾರಿಬಿಟ್ಟಿದ್ದ. ಹಾಗಾಗಿ 2016ರ ಸಿನಿಮಾ ಜಗಳದ ಬೇರನ್ನೇ ಬದಲಿಸಿ, ವಿಶ್ವಸಂಸ್ಥೆಯ ಹಿಡಿತಕ್ಕೆ ಒಳಪಡಬೇಕೇ ಎಂಬ ಪ್ರಶ್ನೆಯ ಜೊತೆಗೆ ಕ್ಯಾಪ್ಟನ್ ಅಮೆರಿಕಾನ ಗೆಳೆಯ ಬಕಿಯ ವಿಷಯ ಇಟ್ಟಿತು. ಪುಸ್ತಕದಲ್ಲಿ ಸೈನ್ಯ ಸೈನ್ಯವೇ ಕಾದುತ್ತದೆ; ಸಿನಿಮಾದ ವಿಮಾನ ನಿಲ್ದಾಣದ ಕಾಳಗದಲ್ಲಿ ಆರು ಜನಕ್ಕೆ ಆರು ಜನ. ಸಿನಿಮಾ ಹೆಚ್ಚು ಆಪ್ತ, ಪುಸ್ತಕ ಹೆಚ್ಚು ರಾಜಕೀಯ. ಸಿನಿಮಾ ಮೊದಲಾಗಲಿ, ಅದಕ್ಕೂ ಮುಂಚೆ 2014ರ 'ವಿಂಟರ್ ಸೋಲ್ಜರ್' ಕಡ್ಡಾಯ.

ಪುಸ್ತಕದ ವಿಷಯಕ್ಕೆ ಬಂದರೆ, ಮುಖ್ಯ ಏಳು ಸಂಚಿಕೆಗಳ ಸುತ್ತ ಹತ್ತಾರು ಉಪಸಂಚಿಕೆಗಳು ಬಂದಿವೆ, ಅವು ಬೇರೆ ಬೇರೆ ಪುಸ್ತಕಗಳಾಗಿ ಮಾರಾಟದಲ್ಲಿವೆ. ಹೆಸರಿನಲ್ಲಿ 'ಸಿವಿಲ್ ವಾರ್' ಎಂಬುದರ ಮುಂದೆ ಬೇರೆ ಹೀರೋ ಹೆಸರಿದ್ದರೆ ಅದು ಉಪಕಥೆ. ಬೆನ್ನಿನ ಮೇಲೆ ಮಿಲ್ಲಾರ್, ಮೆಕ್‌ನಿವೆನ್ ಎಂದಿದ್ದರಷ್ಟೇ ಮುಖ್ಯ ಕಥೆ. ಒಂದೇ ಒಂದು ಉಪಕಥೆ ಓದುವುದಾದರೆ ಸ್ಪೈಡರ್‌ಮ್ಯಾನ್‌ನದು. ಮುಖವಾಡ ಕಳಚಿದ ಮೇಲೆ ಅವನ ಮನೆಯವರ ಗತಿ ಏನಾಯಿತೆಂಬುದು ಅಲ್ಲಿದೆ.

'ಅವೆಂಜರ್ಸ್' ಸಿನಿಮಾಗಳ ಖಳ ಥ್ಯಾನೋಸ್‌ನ ಕಥೆಗೆ ಮೂಲ 1991ರ 'ಇನ್ಫಿನಿಟಿ ಗಾಂಟ್ಲೆಟ್', ಜಿಮ್ ಸ್ಟಾರ್ಲಿನ್ ಬರೆದ ಆರು ಸಂಚಿಕೆ. ಜಾರ್ಜ್ ಪೆರೆಜ್ ಆರಂಭಿಸಿದ ಚಿತ್ರಗಳನ್ನು ನಡುವೆ ರಾನ್ ಲಿಮ್ ವಹಿಸಿಕೊಂಡರು, ಆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಪುಸ್ತಕ ತೆರೆದಾಗ ಅಪಾರ ಶಕ್ತಿಯ ಆರೂ ಮಣಿಗಳು ಆಗಲೇ ಥ್ಯಾನೋಸ್ ಕೈಗವಸಿನಲ್ಲಿವೆ, ಲೋಕದ ಅರ್ಧ ಜೀವಗಳನ್ನು ಅಳಿಸುವ ಚಿಟಿಕೆ ಮೊದಲ ಸಂಚಿಕೆಯಲ್ಲೇ ಆಗಿಹೋಗುತ್ತದೆ. ಸಿನಿಮಾ ಎರಡೂವರೆ ಗಂಟೆ ತೋರಿಸಿದ ಮಣಿ ಸಂಗ್ರಹದ ಕಥೆ ಕಾಮಿಕ್ಸ್‌ನಲ್ಲಿ ಬೇರೆಯೇ ಇದೆ, 'ಥ್ಯಾನೋಸ್ ಕ್ವೆಸ್ಟ್' ಎಂಬ 1990ರ ಎರಡು ಭಾಗ. ಅದನ್ನು ಮೊದಲು ಓದದಿದ್ದರೆ ನಡುವಿನಿಂದ ಶುರುವಾದಂತಿರುತ್ತದೆ. ಉದ್ದೇಶವೂ ಬೇರೆ: ಸಿನಿಮಾದ ಥ್ಯಾನೋಸ್‌ಗೆ ಲೋಕದ ಅನ್ನ ನೀರಿನ ಲೆಕ್ಕ, ಪುಸ್ತಕದವನಿಗೆ ಸಾವೆಂಬ ದೇವತೆಯ ಮೇಲೆ ಪ್ರೇಮ. ಮಣಿಗಳ ಬಣ್ಣವೂ ಅದಲುಬದಲು. ಹಳೆಯ ಕಾಮಿಕ್ಸ್‌ನಲ್ಲಿ ಆತ್ಮದ ಮಣಿ ಹಸಿರು, ಕಾಲದ್ದು ಕಿತ್ತಳೆ. ಸಿನಿಮಾದಲ್ಲಿ ಸರಿಯಾಗಿ ತಿರುವುಮುರುವು. ಇದನ್ನು ಮುದ್ರಣದೋಷವೆಂದುಕೊಂಡು ಗೊಂದಲಪಡಬೇಡಿ. ಸಿನಿಮಾಗಳನ್ನೇ ಮೊದಲು ನೋಡಿ. ಪುಸ್ತಕ ತೊಂಬತ್ತರ ದಶಕದ ಬಿರುಸು ಮಾತುಗಳ ಶೈಲಿಯದು, ಪೆರೆಜ್ ಬಿಡಿಸಿದ ಜನಜಂಗುಳಿಯ ಪುಟಗಳಿಗಾಗಿ ಓದಬೇಕು.

ಸ್ಪೈಡರ್-ವರ್ಸ್: ಸಿನಿಮಾವೇ ಇಲ್ಲಿ ಕಾಮಿಕ್ಸ್

2018ರ 'ಇನ್‌ಟು ದ ಸ್ಪೈಡರ್-ವರ್ಸ್' ಪುಟದ ಗುಣವನ್ನೇ ಪರದೆಗೆ ತಂದ ಚಿತ್ರ. ಹಳೆಯ ಮುದ್ರಣದಲ್ಲಿ ಬಣ್ಣಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದವಲ್ಲ, ಆ ಚುಕ್ಕಿಗಳನ್ನು ಮುಖದ ಮೇಲೆ ಉಳಿಸಿದರು. ದೂರದ ವಸ್ತುಗಳನ್ನು ಕ್ಯಾಮೆರಾದಂತೆ ಮಸುಕು ಮಾಡುವ ಬದಲು ಅಚ್ಚು ಸರಿದ ಹಾಗೆ ಬಣ್ಣಗಳನ್ನು ಅತ್ತಿತ್ತ ಸರಿಸಿದರು. ಹೊಸದಾಗಿ ಸ್ಪೈಡರ್‌ಮ್ಯಾನ್ ಆಗುವ ಹುಡುಗ ಮೈಲ್ಸ್ ಮೊದಲರ್ಧದಲ್ಲಿ ಸೆಕೆಂಡಿಗೆ 12 ಚಿತ್ರಗಳ ಲೆಕ್ಕದಲ್ಲಿ ಚಲಿಸುತ್ತಾನೆ. ಕಾಡಿನಲ್ಲಿ ಅವನು ಪಳಗಿದ ಸ್ಪೈಡರ್‌ಮ್ಯಾನ್ ಪೀಟರ್ ಜೊತೆ ಜೋತಾಡಲು ಕಲಿಯುವ ದೃಶ್ಯ ನಿಲ್ಲಿಸಿ ನಿಲ್ಲಿಸಿ ನೋಡಿ: ಪಕ್ಕದ ಪೀಟರ್ 24ರ ಲೆಕ್ಕದಲ್ಲಿ ನುಣುಪಾಗಿ ಹಾರುತ್ತಾನೆ, ಹುಡುಗ ತಡವರಿಸುತ್ತಾನೆ. ಕಲಿಕೆಯನ್ನು ಚಲನೆಯ ಎಣಿಕೆಯಲ್ಲೇ ಹೇಳಿದ್ದಾರೆ. ಚಿಕ್ಕ ಪರದೆಯಲ್ಲಿ ಈ ಸೂಕ್ಷ್ಮಗಳು ಸಿಗವು. ಟಿವಿಯ ಚಿತ್ರ ನುಣುಪುಗೊಳಿಸುವ ಸೌಲಭ್ಯವನ್ನು, ಅಂದರೆ ಮೋಷನ್ ಸ್ಮೂದಿಂಗನ್ನು, ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡದಿದ್ದರೆ ನಡುವಿನ ಚಿತ್ರಗಳನ್ನು ಟಿವಿಯೇ ತುಂಬಿಸಿ, ಇಷ್ಟು ಶ್ರಮವನ್ನೂ ಅಳಿಸಿಹಾಕುತ್ತದೆ.

ಪುಸ್ತಕ ಬೇಕೆನ್ನುವವರು ಇಲ್ಲಿ ಎಡವುತ್ತಾರೆ. 'ಸ್ಪೈಡರ್-ವರ್ಸ್' ಎಂಬ ಹೆಸರಿನ 2014–15ರ ಪುಸ್ತಕದಲ್ಲಿ ಸಿನಿಮಾದ ಕಥೆಯಿಲ್ಲ. ಜೇಡಶಕ್ತಿಯವರನ್ನು ಬೇಟೆಯಾಡುವ ಮಾರ್ಲುನ್‌ನ ಕುಟುಂಬದ ಬೇರೆಯೇ ಕಥೆ ಅದು. ಮೈಲ್ಸ್‌ನ ಹುಟ್ಟು ಬೇಕಿದ್ದರೆ ಬ್ರಯನ್ ಮೈಕಲ್ ಬೆಂಡಿಸ್, ಸಾರಾ ಪಿಚೆಲ್ಲಿ ಅವರ 2011ರ ಸರಣಿಯ ಮೊದಲ ಸಂಗ್ರಹ ಕೊಳ್ಳಿ. ಸಿನಿಮಾದ ಜೇಡಶಕ್ತಿಯ ಹುಡುಗಿ ಗ್ವೆನ್ ಇಷ್ಟವಾದವರಿಗೆ 2014ರ 'ಎಡ್ಜ್ ಆಫ್ ಸ್ಪೈಡರ್-ವರ್ಸ್' ಎರಡನೆಯ ಸಂಚಿಕೆ ಒಂದೇ ಸಾಕು.

2023ರ 'ಅಕ್ರಾಸ್ ದ ಸ್ಪೈಡರ್-ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಅವುಗಳಲ್ಲಿ ಒಂದು. ಇಂಗ್ಲಿಷ್ ಕಾಮಿಕ್ಸ್ ಓದುವುದು ಕಷ್ಟವೆನ್ನುವ ಮಕ್ಕಳಿಗೂ ಹಿರಿಯರಿಗೂ ಈ ಲೋಕದ ಬಾಗಿಲು ಕನ್ನಡದಲ್ಲೇ ತೆರೆದದ್ದು ಸಣ್ಣ ಸಂಗತಿಯಲ್ಲ. ಆ ಚಿತ್ರದಲ್ಲಿ ಬರುವ ಭಾರತದ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಮೊದಲು ಕಾಣಿಸಿದ್ದು 2004ರ 'ಸ್ಪೈಡರ್-ಮ್ಯಾನ್: ಇಂಡಿಯಾ' ಎಂಬ ನಾಲ್ಕು ಸಂಚಿಕೆಗಳಲ್ಲಿ, ಜೀವನ್ ಕಾಂಗ್ ಅವರ ಚಿತ್ರಗಳೊಂದಿಗೆ. ಅಲ್ಲಿ ಅವನಿಗೆ ಧೋತಿ, ಯೋಗಿಯಿಂದ ಪಡೆದ ಶಕ್ತಿ, ಭೀಮ್ ಚಿಕ್ಕಪ್ಪ, ಮಾಯಾ ಚಿಕ್ಕಮ್ಮ. ಸಿನಿಮಾದ ತಲೆಗೂದಲು ಹಾರಿಸಿಕೊಂಡು ಓಡಾಡುವ ಲವಲವಿಕೆಯ ಹುಡುಗ ಬೇರೆಯವನೇ ಅನಿಸುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಇಪ್ಪತ್ತು ವರ್ಷದಲ್ಲಿ ಭಾರತದ ಹುಡುಗನನ್ನು ಚಿತ್ರಿಸುವ ಬಗೆ ಹೇಗೆ ಬದಲಾಯಿತೆಂದು ಕಾಣುತ್ತದೆ.

ಸೂಪರ್‌ಮ್ಯಾನ್

ಒಂದೇ ಪುಸ್ತಕ ಸಾಕು: 'ಆಲ್-ಸ್ಟಾರ್ ಸೂಪರ್‌ಮ್ಯಾನ್', ಗ್ರಾಂಟ್ ಮಾರಿಸನ್ ಮತ್ತು ಫ್ರ್ಯಾಂಕ್ ಕ್ವೈಟ್ಲಿ, 2005–08, ಹನ್ನೆರಡು ಸಂಚಿಕೆ. ಸಾವು ಹತ್ತಿರವಾಗಿದೆಯೆಂದು ತಿಳಿದ ಸೂಪರ್‌ಮ್ಯಾನ್ ಉಳಿದ ದಿನಗಳಲ್ಲಿ ಏನು ಮಾಡುತ್ತಾನೆ ಎಂಬುದಷ್ಟೇ ಕಥೆ. ಹತ್ತನೆಯ ಸಂಚಿಕೆಯ ಒಂದು ಪುಟದಲ್ಲಿ ಎತ್ತರದ ಕಟ್ಟಡದ ಅಂಚಿನಲ್ಲಿ ನಿಂತ ಹುಡುಗಿಯೊಬ್ಬಳ ಬೆನ್ನ ಹಿಂದೆ ಅವನು ಬಂದು ನಿಲ್ಲುತ್ತಾನೆ. ಒಂದೆರಡು ಮಾತು, ಒಂದು ಅಪ್ಪುಗೆ, ಪುಟ ಮುಗಿಯಿತು. ಸಾಹಸವಿಲ್ಲ, ವೇಗವಿಲ್ಲ. ಸೂಪರ್‌ಮ್ಯಾನ್ ಯಾಕೆ ಬೇಕು ಎಂದು ಕೇಳುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪುಟವಿಲ್ಲ. 76 ನಿಮಿಷದ 2011ರ ಅನಿಮೇಷನ್ ಮುಖ್ಯ ಕಥೆಯ ಎಳೆ ಹಿಡಿಯಲು ಎಲ್ಲವೂ ತಿರುವುಮುರುವಾದ ಬಿಜಾರೋ ಲೋಕದ ಅಧ್ಯಾಯಗಳೂ ಸೇರಿದಂತೆ ಹಲವನ್ನು ಬಿಟ್ಟಿದೆ. 2025ರ 'ಸೂಪರ್‌ಮ್ಯಾನ್' ಇದರ ಮನೋಭಾವದಿಂದ ಪ್ರೇರಣೆ ಪಡೆದದ್ದು, ಕಥೆ ಬೇರೆ. ಓದು ಮೊದಲು.

ಪ್ರತಿ ಆರಿಸುವಾಗ

ಅಮೆರಿಕದ ಕಾಮಿಕ್ಸ್ ಪುಟದ ಅಳತೆ ಸುಮಾರು 17×26 ಸೆಂಟಿಮೀಟರ್. ಇದನ್ನು ಪೂರ್ತಿ ಕಾಣಿಸಲು ಕನಿಷ್ಠ ಹತ್ತು ಇಂಚಿನ ಟ್ಯಾಬ್ಲೆಟ್ ಬೇಕು. ಮೊಬೈಲಿನಲ್ಲಿ ಆ್ಯಪ್‌ಗಳು ಒಂದೊಂದೇ ಪ್ಯಾನೆಲ್ ದೊಡ್ಡದು ಮಾಡಿ ತೋರಿಸುತ್ತವೆ. 'ಸಿವಿಲ್ ವಾರ್'ನಂಥದ್ದಕ್ಕೆ ಅದು ನಡೆಯುತ್ತದೆ, 'ವಾಚ್‌ಮೆನ್'ಗೆ ನಡೆಯುವುದಿಲ್ಲ, ಏಕೆಂದರೆ ಅಕ್ಕಪಕ್ಕದ ಚೌಕಗಳ ಸಂಬಂಧವೇ ಕಣ್ಮರೆಯಾಗುತ್ತದೆ. ಎರಡು ಪುಟಕ್ಕೆ ಹರಡಿದ ಚಿತ್ರ ಬಂದಾಗ ಟ್ಯಾಬ್ಲೆಟ್ ಅಡ್ಡ ತಿರುಗಿಸಿ.

ಓಮ್ನಿಬಸ್ ಎಂಬ ಸಾವಿರ ಪುಟದ ಗ್ರಂಥಗಳು ಶೆಲ್ಫಿನಲ್ಲಿ ಚೆನ್ನಾಗಿ ಕಾಣುತ್ತವೆ. ಮಲಗಿ ಓದಲಾಗದು, ಬೆನ್ನಿನ ಹತ್ತಿರದ ಚಿತ್ರ ಮಡಿಕೆಯೊಳಗೆ ನುಂಗಿಹೋಗುತ್ತದೆ. ಮೊದಲ ಓದಿಗೆ ಪೇಪರ್‌ಬ್ಯಾಕ್ ಸಂಗ್ರಹವೇ ವಾಸಿ. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಪುಸ್ತಕಗಳ ಪ್ರಕಾಶಕ ಸಂಸ್ಥೆ ಡಿಸಿ 2024ರಿಂದ ಸುಮಾರು 14×21.5 ಸೆಂಟಿಮೀಟರ್ ಅಳತೆಯ ಅಗ್ಗದ ಕಾಂಪ್ಯಾಕ್ಟ್ ಆವೃತ್ತಿಗಳನ್ನು ತರುತ್ತಿದೆ. 'ಆಲ್-ಸ್ಟಾರ್ ಸೂಪರ್‌ಮ್ಯಾನ್' ಆ ಅಳತೆಯಲ್ಲೂ ಸುಖವಾಗಿ ಓದಿಸಿಕೊಳ್ಳುತ್ತದೆ. 'ವಾಚ್‌ಮೆನ್'ನ ಗದ್ಯದ ಪುಟಗಳು ಮಾತ್ರ ಕನ್ನಡಕ ಕೇಳುತ್ತವೆ.

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಂಥ ಕಡೆ ಹಳೆಯ ಬಿಡಿ ಸಂಚಿಕೆ ಕೊಳ್ಳುವಾಗ ಮುಖಪುಟದ ಅಂಕಿ ನೋಡಿ, ಸರಣಿ ಪೂರ್ತಿ ಇದೆಯೇ ಎಂದು ಎಣಿಸಿ, ನಡುವಿನ ಪುಟಗಳು ಪಿನ್ನಿನಿಂದ ಬಿಟ್ಟುಕೊಂಡಿವೆಯೇ ಎಂದು ತೆರೆದು ನೋಡಿ. ಪಿನ್ನಿನ ಹತ್ತಿರ ತುಕ್ಕಿನ ಕಲೆ ಇದ್ದರೆ ತೇವದಲ್ಲಿದ್ದ ಪ್ರತಿ, ಒಳಪುಟಗಳು ಅಂಟಿಕೊಂಡಿರಬಹುದು. ಮುಖಪುಟದಲ್ಲಿ ಸಿನಿಮಾ ನಟರ ಫೋಟೋ ಇದ್ದು 'ಪ್ರಿಲ್ಯೂಡ್' ಎಂದಿದ್ದರೆ ಅದು ಸಿನಿಮಾ ಪ್ರಚಾರಕ್ಕೆ ಮಾಡಿದ ಪುಸ್ತಕ, ಮೂಲ ಕಥೆಯಲ್ಲ. ಅದನ್ನು ಅಲ್ಲೇ ಬಿಟ್ಟು ಪಕ್ಕದ ಸಾಲು ನೋಡಿ.